ಕತ್ತರಿಸದೆ ಬಿಟ್ಟ ಕಾರ್ಡುಗಳು

ಎಮ್ಮಿಗನೂರಿನ ನೇಕಾರ ನೀಲಕಂಠಪ್ಪನ ಮನೆಯ ಸೀರೆಯಂಚಿನ ಚಿತ್ರವನ್ನು ಹೊರಗಿನವರ ಕೈಗೆ ದಾಟಿಸಿದವನು ನಾನು. ಅವನ ಹೆಂಡತಿ ಗೌರಮ್ಮ ಅಲ್ಲ. ಹದಿಮೂರು ವರ್ಷದಿಂದ ಅವರ ಓಣಿ ಆಕೆಯ ಹೆಸರನ್ನೇ ಹೇಳುತ್ತ ಬಂದಿದೆ; ಹೇಳಿಕೊಳ್ಳಲಿ ಎಂದು ನಾನು ಸುಮ್ಮನೆ ಕೂತೆ. ಸುಮ್ಮನೆ ಕೂತೆ ಎನ್ನುವುದೂ ಪೂರ್ತಿ ನಿಜವಲ್ಲ. ಒಂದು ಮಾತು ಆಡಿದೆ. ಒಂದೇ ಒಂದು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ — ಅದಕ್ಕೇ ಅದು ಇಷ್ಟು ವರ್ಷ ನನ್ನನ್ನು ಕಾಪಾಡಿತು, ಆಕೆಯನ್ನು ಮುಳುಗಿಸಿತು.

ನಾನು ಸಂಗಪ್ಪ. ಆದೋನಿಯಲ್ಲಿ ಗುಜರಿ ಅಂಗಡಿ. ಅಪ್ಪ ಹತ್ತಿ ಮಿಲ್ಲಿನಲ್ಲಿ ಬೇಲು, ಅಂದರೆ ಬಿಗಿದು ಕಟ್ಟಿದ ಹತ್ತಿಯ ಪಿಂಡಿ, ಹೊರುತ್ತಿದ್ದ. ನನಗೆ ಅವನಿಂದ ಬಂದದ್ದು ಗಟ್ಟಿ ಹೆಗಲು, ಒಂದು ಸೈಕಲ್ಲು. ತಕ್ಕಡಿ ನಾನೇ ಸಂಪಾದಿಸಿದೆ. ಆದೋನಿಯಿಂದ ಎಮ್ಮಿಗನೂರು, ಅಲ್ಲಿಂದ ಗೋನೆಗಂಡ್ಲ, ತಿರುಗಿ ಬರುವಾಗ ಪೆದ್ದಕಡುಬೂರು — ನಾನು ಸೈಕಲ್ಲು ನಿಲ್ಲಿಸದ ಓಣಿ ಇಲ್ಲ. ಕನ್ನಡದ ಮನೆಯಲ್ಲಿ ಕನ್ನಡ, ತೆಲುಗಿನ ಮನೆಯಲ್ಲಿ ತೆಲುಗು, ಸಾಬರ ಓಣಿಯಲ್ಲಿ ಅವರ ಮಾತು. ಚೌಕಾಸಿಗೆ ಎಲ್ಲ ಭಾಷೆಯೂ ಒಂದೇ. ನಾನು ಕಂಡುಕೊಂಡ ಸತ್ಯ ಇದು: ಲೋಕದಲ್ಲಿ ಕಸ ಅನ್ನುವುದೇ ಇಲ್ಲ, ಕೊಳ್ಳುವವನು ಇನ್ನೂ ಸಿಕ್ಕಿಲ್ಲ ಅಷ್ಟೆ. ಈ ಮಾತನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಹೆಮ್ಮೆಯಿಂದ ಹೇಳಿದ್ದೇನೆ. ಈಗ ಹೇಳುವಾಗ ನಾಲಿಗೆ ತಡೆಯುತ್ತದೆ.

ಮಗ್ಗ ಕಾಣದವರಿಗೆ ಸ್ವಲ್ಪ ವಿವರ ಹೇಳಬೇಕು. ಹೂಬಳ್ಳಿಯ ಅಂಚು ನೇಯುವ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಎಂಬ ಯಂತ್ರ ಕೂತಿರುತ್ತದೆ. ಅದಕ್ಕೆ ತೂತು ಹೊಡೆದ ಕಾರ್ಡುಗಳ ಮಾಲೆ ಹಾಕುತ್ತಾರೆ — ಗೇಣುದ್ದದ ಪಟ್ಟಿಗಳು, ಒಂದಕ್ಕೊಂದು ದಾರದಿಂದ ಹೊಲಿದವು. ಲಾಳಿ ಒಂದು ಸಲ ಓಡಿದರೆ ಒಂದು ಕಾರ್ಡು ತಿರುಗುತ್ತದೆ. ತೂತು ಇದ್ದಲ್ಲಿ ದಾರ ಏಳುತ್ತದೆ, ಇಲ್ಲದಲ್ಲಿ ಮಲಗುತ್ತದೆ. ಹೀಗೆ ಇನ್ನೂರು ಮುನ್ನೂರು ಕಾರ್ಡು ತಿರುಗಿದರೆ ಒಂದು ಹೂವು, ಒಂದು ಬಳ್ಳಿ. ಆ ಮಾಲೆ ಯಾರ ಕೈಯಲ್ಲಿದೆಯೋ ಚಿತ್ರ ಅವರದು. ಕಣ್ಣಿಲ್ಲದವನು ಕೂತು ಕಾಲು ತುಳಿದರೂ ಅದೇ ಹೂವು ಬರುತ್ತದೆ.

ಆಗಿನ ಕಾರ್ಡೆಲ್ಲ ರಟ್ಟಿನವು. ನೀಲಕಂಠಪ್ಪನದು ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ, ಆ ಮನೆಯಲ್ಲಿ ನೆಲ ಯಾವಾಗಲೂ ತಂಪು. ಮಳೆಗಾಲದಲ್ಲಿ ರಟ್ಟು ಉಬ್ಬಿ, ತೂತು ಮುಚ್ಚಿಕೊಂಡು, ಹೂವಿನ ಮುಖ ಸೊಟ್ಟಗಾಗುತ್ತಿತ್ತು. ನನ್ನ ಹತ್ತಿರ ಆಗ ದವಾಖಾನೆಗಳಿಂದ ಕೊಂಡ ಹಳೆಯ ಎಕ್ಸ್‌ರೇ ಹಾಳೆಗಳು ಕಟ್ಟುಗಟ್ಟಲೆ ಇದ್ದವು. ಕಾಸ್ಟಿಕ್ ಸೋಡಾದ ನೀರಿನಲ್ಲಿ ತೊಳೆದರೆ ಕಪ್ಪು ಹೋಗಿ, ಬೆಳ್ಳಿಯ ಕೆಸರು ತಳಕ್ಕೆ ಕೂತು, ಗಾಜಿನಂಥ ಪ್ಲಾಸ್ಟಿಕ್ ಹಾಳೆ ಉಳಿಯುತ್ತಿತ್ತು. ಬೆಳ್ಳಿಗೆ ಗಿರಾಕಿ ಇದ್ದ. ಹಾಳೆಗೆ ಇರಲಿಲ್ಲ.

"ರಟ್ಟು ಬಿಡಪ್ಪಾ ನೀಲಕಂಠ," ಅಂದೆ ನಾನು. "ಇದನ್ನ ಎಲ್ಡು ಪದರ ಮಾಡಿ ಹೊಲಿ, ತೂತು ಹೊಡಿ. ನೀರು ಕುಡಿಯಂಗಿಲ್ಲ, ಇಲಿ ಮುಟ್ಟಂಗಿಲ್ಲ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹಿಂಗ ಇರತೈತಿ."

ಅವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಒಂದರಲ್ಲಿ ಪಕ್ಕೆಲುಬಿನ ನೆರಳು ಇನ್ನೂ ಇತ್ತು.

"ಯಾರದೋ ಎದಿಗೂಡು, ಯಾರದೋ ಮಣಕಾಲು. ಇದರ ಮ್ಯಾಲೆ ನಾ ಮದಿವಿ ಸೀರಿ ನೇಯಬೇಕೇನೋ?"

ಒಳಗಿನಿಂದ ಗೌರಮ್ಮ — ನನ್ನ ಬಾಯಲ್ಲಿ ಗೌರಕ್ಕ — ಅಂದಳು: "ತೊಳದ ಮ್ಯಾಲೆ ಎದಿ ಯಾರದು, ಮಣಕಾಲು ಯಾರದು? ತಮ್ಮಾ, ಇಟ್ಟು ಹೋಗು. ಚಲೋ ಆದ್ರ ಇಟಗೊಂತೀವಿ, ಇಲ್ಲಂದ್ರ ನೀನ ಕೊಟ್ಟದ್ದು, ನೀನ ತಗೊಂಡು ಹೋಗಬೇಕು ಮತ್ತ."

"ಆತು ಅಕ್ಕಾ," ಅಂದೆ. "ನಂದು ನಾ ವಾಪಸ್ ತಗೊಂತೀನಿ."

ಅಷ್ಟು ಸಲೀಸಾಗಿ ಹೇಳಿದ್ದೆ.

ಊರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು, ಅದಿಲ್ಲದೆ ನನ್ನ ತಪ್ಪಿನ ತೂಕ ತಿಳಿಯುವುದಿಲ್ಲ. ನೀಲಕಂಠಪ್ಪ ಒಳ್ಳೆಯ ನೇಕಾರ. ಚಿತ್ರ ಬರೆಯುವ ಕೈ ಅವನದಲ್ಲ, ಗೌರಕ್ಕನದು. ಚೌಕಳಿ ಹಾಳೆ ಮುಂದಿಟ್ಟುಕೊಂಡು ಸೀಸದ ಕಡ್ಡಿಯಿಂದ ಮನೆಮನೆಯಾಗಿ ತುಂಬುವವಳು ಆಕೆ, ಅದನ್ನು ಓದಿ ಕಾರ್ಡಿಗೆ ತೂತು ಹೊಡೆಯುವವಳೂ ಆಕೆ. ತೂತು ಹೊಡೆಯುವುದು ಓಣಿಗೆ ಗೊತ್ತಿತ್ತು; ಚಿತ್ರದ ಹೆಸರು ಮಾತ್ರ ಗಂಡನದು. ಅದರ ಬಗ್ಗೆ ಆಕೆಗೆ ಬೇಸರ ಇದ್ದಂತೆ ನನಗೆ ಕಾಣಲಿಲ್ಲ — ನಾನು ಕೇಳಲೂ ಇಲ್ಲ.

ಆ ವರ್ಷ ಪೆದ್ದಕಡುಬೂರಿನ ಒಂದು ಜಮೀನುದಾರರ ಮನೆಯಿಂದ ಮೂರು ಹೆಣ್ಣುಮಕ್ಕಳ ಮದುವೆಗೆ ಸೀರೆ ಬೇಕೆಂದು ಬಂದರು. ಅವರ ಷರತ್ತು ಒಂದೇ: ಈ ಅಂಚು ಅವರ ಮನೆಯ ಹೆಣ್ಣುಮಕ್ಕಳಿಗೆ ಬಿಟ್ಟು ಬೇರೆ ಯಾರ ಮೈಮೇಲೂ ಕಾಣಬಾರದು. ಗೌರಕ್ಕ ಗೋನೆಗಂಡ್ಲದ ಒಕ್ಕಲುತನದ ಮನೆಯಿಂದ ಬಂದವಳು, ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿದವಳು. ಮಾವಿನಕಾಯಿ, ನವಿಲು ಎಲ್ಲ ಬಿಟ್ಟು ಅರೆಬಿರಿದ ಹತ್ತಿಕಾಯಿ ಬರೆದಳು. ಕಾಯಿ ಸೀಳಿ ಒಳಗಿನ ಬಿಳುಪು ಇಣುಕುವ ಹೊತ್ತು — ಆ ಒಂದು ಗಳಿಗೆ. ಪಕ್ಕದಲ್ಲಿ ಮೂರು ಎಲೆ. ನಾನು ಹತ್ತಿಯ ಊರಿನವನು, ದಿನಾ ಹತ್ತಿ ನೋಡುವವನು. ಆ ಅಂಚು ನೋಡುವ ತನಕ ನಾನು ಹತ್ತಿಕಾಯಿಯನ್ನು ನೋಡಿರಲಿಲ್ಲ ಅನಿಸಿತು.

ಒಂದು ಕಾರ್ಡಿನಲ್ಲಿ ಆಕೆಯ ಕೈ ತಪ್ಪಿತು. ಎರಡು ತೂತು ಹೆಚ್ಚು ಬಿದ್ದವು. ರಟ್ಟಿನ ಕಾರ್ಡಾದರೆ ಕಾಗದದ ಚೂರು ಅಂಟಿಸಿ ತೂತು ಮುಚ್ಚಿ, ಪಕ್ಕದಲ್ಲಿ ಹೊಸದು ಹೊಡೆಯಬಹುದು. ನಾನು ಕೊಟ್ಟ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯಲಿಲ್ಲ. ಹಚ್ಚಿದ್ದು ಸಂಜೆಗೆ ಉದುರುತ್ತಿತ್ತು. ಆ ಹೊತ್ತಿಗೆ ಒಂದು ಸೀರೆ ಅರ್ಧ ನೇಯ್ದಾಗಿತ್ತು; ಮಾಲೆ ಬಿಚ್ಚಿ ಹೊಸ ಕಾರ್ಡು ಹೊಲಿದು ಮೊದಲಿಂದ ನೇಯುವಷ್ಟು ಹೊತ್ತಿರಲಿಲ್ಲ, ಮದುವೆ ಹತ್ತಿರ ಬಂದಿತ್ತು. ಹಾಗಾಗಿ ಪ್ರತಿ ಕಾಯಿಯ ಎಡಗಡೆಯ ಎಲೆಯ ತುದಿಯಲ್ಲಿ ಚಿಕ್ಕದೊಂದು ಕಚ್ಚು ಉಳಿಯಿತು, ಹುಳ ತಿಂದ ಹಾಗೆ.

ನೀಲಕಂಠಪ್ಪ ತಲೆ ಚಚ್ಚಿಕೊಂಡ. ಗೌರಕ್ಕ ನಕ್ಕಳು. "ಹತ್ತಿಗೆ ಹುಳ ಬೀಳದ ಹೊಲ ಎಲ್ಲೈತಿ ತೋರಸ್ರಿ. ಇರಲಿ ಬಿಡ್ರಿ, ದೃಷ್ಟಿ ತಾಗಂಗಿಲ್ಲ."

ಮೂರು ಮದುವೆಯೂ ಆದವು. ಇನ್ನು ಕಾರ್ಡಿನ ಗತಿ ಕಾಣಿಸಬೇಕು. ಆ ಓಣಿಯಲ್ಲಿ ಒಂದು ರೂಢಿ ಇತ್ತು: ಒಂದು ಮನೆಗೆಂದೇ ನೇಯ್ದ ಚಿತ್ರದ ಕಾರ್ಡು ಇಡಿಯಾಗಿ ಹೊಸಿಲು ದಾಟಬಾರದು. ಮಗ್ಗದಿಂದ ಇಳಿಸಿ, ಮನೆಯ ಹೆಣ್ಣುಮಗಳು ತೂತಿನ ಸಾಲು ಹಿಡಿದು ಕತ್ತರಿಸಿ, ಬಣ್ಣದ ಹಂಡೆಯ ಒಲೆಗೆ ಹಾಕಬೇಕು. ನೇಯುವವನು ಗಂಡಸು, ಮುಗಿಸುವವಳು ಹೆಂಗಸು. ಆ ಕೆಲಸ ಆಕೆಯ ಮಾತಿನ ಮೇಲೆ ನಿಂತದ್ದು; ಕಾರ್ಡು ಉಳಿದರೆ ಕೇಳುವುದು ಆಕೆಯನ್ನೇ.

ರಟ್ಟಿಗೆ ಆ ರೂಢಿ ಸಾಕಾಗಿತ್ತು. ಪ್ಲಾಸ್ಟಿಕ್ಕಿಗೆ ಸಾಲಲಿಲ್ಲ. ಗೌರಕ್ಕ ಮೊದಲು ಕೆಟ್ಟುಹೋದ ನಾಲ್ಕಾರು ಕಾರ್ಡನ್ನು ಒಲೆಗೆ ಹಾಕಿ ನೋಡಿದಳಂತೆ. ಕರ್ರಗಿನ ಹೊಗೆ ಎದ್ದು, ಒಣಗಲು ಹಾಕಿದ ನೂಲಿಗೆಲ್ಲ ನಾತ ಹತ್ತಿ, ಪಕ್ಕದ ಮನೆಯವಳು ಸೆರಗು ಮೂಗಿಗೆ ಹಿಡಿದು ಬಂದು, "ಏನು ಸುಡಾಕ ಹತ್ತೀಯೇ ನಿಮ್ಮವ್ವಾ, ಹೆಣಾನ?" ಎಂದಳಂತೆ. ಕತ್ತರಿಸಲು ಕೂತರೆ ಎರಡು ಪದರದ ಹಾಳೆಯ ಮೇಲೆ ಮನೆಯ ಕತ್ತರಿ ಜಾರುತ್ತಿತ್ತು. ನಾನು ಹೋದ ದಿನ ಆಕೆಯ ಹೆಬ್ಬೆರಳಿಗೆ ಬೊಬ್ಬೆ ಎದ್ದಿತ್ತು. ಮುಂದೆ ಎರಡು ಗಂಟು: ಒಂದರಲ್ಲಿ ಕೆಟ್ಟ ಕಾರ್ಡು, ಇನ್ನೊಂದರಲ್ಲಿ ಹತ್ತಿಕಾಯಿಯ ಪೂರ್ತಿ ಮಾಲೆ.

ನನ್ನ ಬಾಯಿಗೆ ಉಪದೇಶ ಬಾರದೆ ಇರುತ್ತದೆಯೇ. "ಅಕ್ಕಾ, ಕೈ ಯಾಕ ಹಾಳು ಮಾಡ್ಕೊಂತಿ. ನನ್ನ ಗೋಡೌನ್ಯಾಗ ತಗಡು ಕತ್ತರಸೋ ಕತ್ತರಿ ಐತಿ. ಕೊಡು ಇಲ್ಲೆ. ಕತ್ತರಿಸಿ, ಕರಗಿಸಿ, ಮುದ್ದಿ ಮಾಡತೀನಿ."

ಆಕೆ ಕೂಡಲೇ ಕೊಡಲಿಲ್ಲ. ಗಂಟಿನ ಮೇಲೆ ಕೈ ಇಟ್ಟುಕೊಂಡಳು.

"ಹೊಸಿಲು ದಾಟಬಾರದಲ್ಲೋ ತಮ್ಮಾ."

"ರಟ್ಟಿಗೆ ಆ ಮಾತು. ಇದು ನಾ ಕೊಟ್ಟದ್ದು, ನಾನ ವಾಪಸ್ ಒಯ್ತೀನಿ ಅಂದಿದ್ನಿಲ್ಲ?"

ಆಗ ಕೊಟ್ಟಳು. ಎರಡೂ ಗಂಟು. "ನನ್ನ ಕೈಲೆ ಮಾಡಬೇಕಾದ್ದನ್ನ ನಿನ್ನ ಕೈಗೆ ಕೊಡಾಕ ಹತ್ತೀನಿ," ಅಂದಳು. "ನೆಪ್ಪಿರಲಿ."

ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಇತ್ತೇ? ಇರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಸೈಕಲ್ಲಿಗೆ ಕಟ್ಟುವಾಗ ಎರಡು ಗಂಟನ್ನು ಒಂದೇ ಚೀಲಕ್ಕೆ ಹಾಕಲಿಲ್ಲ ನಾನು. ಬೇರೆ ಬೇರೆ ಕಟ್ಟಿದೆ. ಕರಗಿಸುವವನಿಗೆ ಅವು ಯಾಕೆ ಬೇರೆ ಬೇರೆ ಇರಬೇಕು — ನೀವು ವ್ಯಾಪಾರಿಗಳಾದರೆ ನಿಮಗೆ ತಿಳಿಯುತ್ತದೆ.

ಮರುದಿನವೇ ಕೆಟ್ಟ ಕಾರ್ಡಿನ ಗಂಟನ್ನು ಕತ್ತರಿಸಿ ಕರಗಿಸಿದೆ. ಇನ್ನೊಂದನ್ನು ಗೋಣಿಯ ಮೇಲೆ ಇಟ್ಟೆ. ನಾಳೆ ಎಂದೆ. ನಾಡಿದ್ದು ಎಂದೆ. ಇನ್ನೂರ ನಲವತ್ತು ಕಾರ್ಡಿನ ಪೂರ್ತಿ ಮಾಲೆ, ಒಂದು ಹೊಲಿಗೆ ಬಿಚ್ಚಿಲ್ಲ. ಅದನ್ನು ಮುದ್ದೆ ಮಾಡುವುದೆಂದರೆ ನನ್ನಂಥವನಿಗೆ ಒಳ್ಳೆಯ ಕಾಳನ್ನು ಒಲೆಗೆ ಸುರಿದ ಹಾಗೆ.

ಆದೋನಿಯಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದರು. ಅವರ ಹೆಸರು ಬೇಡ. ಅವರು ಮಾಡಿದ್ದನ್ನು ಅವರು ಹೇಳಿಕೊಳ್ಳಲಿ, ನಾನು ನನ್ನದನ್ನು ಹೇಳುತ್ತಿದ್ದೇನೆ. ಬೇರೆ ಕೆಲಸಕ್ಕೆ ಬಂದವರು ಗೋಣಿಯ ಮೇಲಿನ ಮಾಲೆ ನೋಡಿದರು. ಒಂದು ತುದಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನೋಡುವುದು ಬಲ್ಲವರು.

"ಏಮಪ್ಪಾ ಸಂಗಪ್ಪಾ, ಇದೀ ನಿನಗ ಗುಜರಿ. ನನಗ ಇದಿ ಸೀರೆ," ಅಂದರು ತೆಲುಗು ಬೆರೆಸಿ.

"ಇದು ಮಾರೋದಲ್ರಿ. ಕರಗಿಸ್ತೀನಿ ಅಂತ ಮಾತು ಕೊಟ್ಟೀನಿ."

"ಮಾರು ಅಂದ್ನಾ ನಾನು? ಎಂಟು ದಿನ ಕೊಡು. ತಿರುಗಿ ತಂದು ಇಲ್ಲೇ ಇಡ್ತೀನಿ. ಆಮೇಲೆ ಕರಗಿಸ್ಕೋ. ನಿನ್ನ ಮಾತೂ ಉಳೀತದೆ."

ಆಮೇಲೆ, ಎದ್ದು ಹೋಗುವಾಗ, ಬೇರೆ ಯಾವುದೋ ಮಾತಿನಂತೆ: ಅವರ ಭಾವಮೈದುನನ, ಹತ್ತಿಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ರದ್ದಿಯನ್ನೆಲ್ಲ ಎತ್ತಲು ನಂಬಿಕೆಯ ಒಬ್ಬ ಮನುಷ್ಯ ಬೇಕಾಗಿದ್ದಾನಂತೆ. ಹರಕು ಗೋಣಿ, ಕಬ್ಬಿಣದ ಪಟ್ಟಿ, ಹಳೆಯ ಬೆಲ್ಟು, ಎಲ್ಲ. ವರ್ಷಪೂರ್ತಿ.

ಮಿಲ್ಲಿನ ಗೇಟಿನೊಳಗೆ ಅಪ್ಪ ಬೇಲು ಹೊತ್ತು ಹೋಗುತ್ತಿದ್ದ. ನಾನು ಲೆಕ್ಕದ ಮನುಷ್ಯನಾಗಿ ಹೋಗಬಹುದು — ಅಷ್ಟೇ ಕಂಡದ್ದು ನನಗೆ. ಮಾಲೆಯನ್ನು ನಾನೇ ಸುತ್ತಿ ಕೊಟ್ಟೆ. ಮಾರಲಿಲ್ಲ, ಎಂಟು ದಿನಕ್ಕೆ ಕೊಟ್ಟೆ. ಈ ವಾಕ್ಯವನ್ನು ನಾನು ಎಷ್ಟು ಸಲ ಒಳಗೊಳಗೆ ಉರುಹೊಡೆದೆನೋ. ಅವರು ಮಾತಿನಂತೆ ಒಂಬತ್ತನೆಯ ದಿನ ತಂದೂ ಇಟ್ಟರು, ಒಂದು ಕಾರ್ಡೂ ಕಡಿಮೆ ಇಲ್ಲದೆ. ಆ ಹೊತ್ತಿಗೆ ಅವರ ನೇಕಾರ ಎಲ್ಲವನ್ನೂ ಹೊಸ ರಟ್ಟಿಗೆ ಇಳಿಸಿಕೊಂಡಿದ್ದ. ಆ ಹೆಚ್ಚಿನ ಎರಡು ತೂತನ್ನೂ.

ನಾಲ್ಕು ತಿಂಗಳು ಕಳೆದಿರಬೇಕು. ಪೆದ್ದಕಡುಬೂರಿನ ಹಿರಿಯ ಮಗಳು ಅತ್ತೆಯೊಡನೆ ಆದೋನಿಗೆ ಬಂದವಳು ಆ ವ್ಯಾಪಾರಿಯ ಅಂಗಡಿಯ ಬಾಗಿಲಲ್ಲಿ ತೂಗುಹಾಕಿದ ಸೀರೆ ನೋಡಿದಳು. ಅತ್ತೆ ಏನೋ ಚುಚ್ಚಿದಳಂತೆ — "ನಿಮ್ಮ ಮನಿಗೆ ಮಾತ್ರ ಅಂದಿದ್ರಲ್ಲವ್ವಾ, ಇಲ್ಲಿ ಬೀದಿಗೆಲ್ಲಾ ಐತಿ." ಅದೇ ಸೀರೆ ಕೊಂಡು ತಂದು ಆ ಮನೆಯವರು ನೀಲಕಂಠಪ್ಪನ ಮಗ್ಗದ ಕುಣಿಯ ಅಂಚಿನಲ್ಲಿ ಇಟ್ಟು ಹೋದರು. ಜಗಳವಾಡಲಿಲ್ಲ. ಇಟ್ಟು ಹೋದರು.

ನೀಲಕಂಠಪ್ಪ ಮೊದಲು ನೋಡಿದ್ದು ಎಡಗಡೆಯ ಎಲೆಯನ್ನಂತೆ. ಕಣ್ಣಿನಿಂದ ನೋಡಿ ಕದ್ದವನಾದರೆ ಆ ಕಚ್ಚನ್ನು ತಿದ್ದಿ ನೇಯುತ್ತಿದ್ದ. ತಪ್ಪನ್ನು ಯಾವ ನೇಕಾರನೂ ನಕಲು ಮಾಡುವುದಿಲ್ಲ. ಕಚ್ಚು ಹಾಗೇ ಇತ್ತು. ಅಂದರೆ ಕಾರ್ಡೇ ಹೋಗಿದೆ. ಕಾರ್ಡು ಮುಗಿಸುವವಳು ಗೌರಮ್ಮ.

ಕಾರ್ಡು ಎಲ್ಲಿಂದ ಬಂತೆಂದು ಆದೋನಿಯ ವ್ಯಾಪಾರಿ ಬಾಯಿ ಬಿಡಲಿಲ್ಲ. ಓಣಿಯ ಗುಡಿಯ ಜಗಲಿಯ ಮೇಲೆ ಹಿರಿಯರು ಕೂತರು. ನನ್ನನ್ನೂ ಕರೆಸಿದರು. ಬೆಳಗ್ಗೆ ಹತ್ತರ ಬಿಸಿಲು. ಸೊಂಟದಲ್ಲಿ ನನ್ನ ಗೋಡೌನಿನ ಬೀಗದ ಕೈ ಇತ್ತು. ಆ ಗೋಡೌನಿನಲ್ಲಿ, ಗೋಣಿಯ ಕೆಳಗೆ, ಆ ಮಾಲೆ ಇತ್ತು. ಹೌದು — ಇನ್ನೂ ಕರಗಿಸಿರಲಿಲ್ಲ. ತಂದು ತೋರಿಸಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಹದಿನೇಳು ಹದಿನೆಂಟು ಮೈಲಿ, ಸೈಕಲ್ಲಿನ ಮೇಲೆ ಎರಡು ಗಂಟೆ.

ಗೌರಕ್ಕ ಕಂಬದ ಹತ್ತಿರ ನಿಂತು ಹೇಳಿದಳು: "ಎಲ್ಡು ಗಂಟು ಸಂಗಪ್ಪನ ಕೈಗೆ ಕೊಟ್ಟೀನ್ರಿ. ಕರಗಿಸ್ತೀನಿ ಅಂದ. ಅವನ್ನ ಕೇಳ್ರಿ, ಅವ ಸುಳ್ಳು ಹೇಳಂಗಿಲ್ಲ."

ಅವ ಸುಳ್ಳು ಹೇಳುವುದಿಲ್ಲ. ಆಕೆಯ ಬಾಯಿಂದ ಬಂದ ಮಾತು ಇದು.

ಹಿರಿಯ ಚನ್ನಬಸಪ್ಪ ನನ್ನ ಕಡೆ ತಿರುಗಿದ. "ಹೇಳಪ್ಪಾ. ಎಲ್ಡೂ ಕೊಟ್ಟಾಳೇನು? ಕರಗಿಸೀಯೇನು?"

ಮಾಡುವ ವ್ಯಾಪಾರದಲ್ಲಿ ನಾನು ಕಲಿತದ್ದೊಂದಿದೆ: ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಡ, ನಿನಗೆ ಅನುಕೂಲವಾದ ಪ್ರಶ್ನೆಗೆ ಕೊಡು. ಆ ಕ್ಷಣದಲ್ಲಿ ಅದು ತಾನಾಗಿ ಬಂತು, ತಕ್ಕಡಿ ಹಿಡಿದ ಕೈಗೆ ಬೆರಳಿನ ಚಳಕ ಬರುವ ಹಾಗೆ.

"ಒಂದು ಗಂಟು ಕತ್ತರಿಸಿ ಕರಗಿಸೀನ್ರಿ," ಅಂದೆ. "ಅದಕ್ಕ ಇಲ್ಲೇ ದೇವರ ಮುಂದ ಆಣಿ ಮಾಡತೀನಿ. ಇನ್ನೊಂದರ ಮಾತು ನನ್ನ ಬಾಯಾಗ ಹಾಕಬ್ಯಾಡ್ರಿ."

ಆಣೆ ಮಾಡಿದೆ. ಕರ್ಪೂರ ಹಚ್ಚಿದರು, ಮುಟ್ಟಿದೆ. ಒಂದು ಗಂಟು ಕರಗಿಸಿದ್ದು ನಿಜವೇ ತಾನೆ. ನನ್ನ ಕೈ ಸುಡಲಿಲ್ಲ.

ಆಮೇಲೆ ಒಬ್ಬಳು ಯಾರೋ ಹಿಂದಿನಿಂದ, "ಇನ್ನೊಂದು ಎಲ್ಲಿಗೆ ಹೋತು, ರೆಕ್ಕಿ ಬಂದು?" ಅಂದಳು. ಗೌರಕ್ಕ ನನ್ನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಬೇಡಿಕೊಳ್ಳಲೂ ಇಲ್ಲ. ಚೌಕಳಿ ಹಾಳೆಯ ಮೇಲೆ ಎಲ್ಲಿ ಮನೆ ತಪ್ಪಿತು ಎಂದು ಹುಡುಕುವಾಗ ನೋಡುತ್ತಿದ್ದಳಲ್ಲ, ಹಾಗೆ. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದೆ.

ಊರಿಗೆ ಬಂದವನೇ, ಊಟವನ್ನೂ ಮಾಡದೆ, ಗೋಡೌನಿನ ಬಾಗಿಲು ಹಾಕಿಕೊಂಡು ಆ ಮಾಲೆಯನ್ನು ಕತ್ತರಿಸಲು ಕೂತೆ. ತಗಡಿನ ಕತ್ತರಿ ಚೆನ್ನಾಗಿಯೇ ಕತ್ತರಿಸಿತು. ನಾಲ್ಕು ತಿಂಗಳ ಹಿಂದೆ ಮಾಡಬೇಕಾದ ಕೆಲಸ ಒಂದು ಮಧ್ಯಾಹ್ನದಲ್ಲಿ ಆಗಿಹೋಯಿತು. ಆಕೆಗೆ ಕೊಟ್ಟ ಮಾತು ನಡೆಸುವುದಕ್ಕಾಗಿ ಅಲ್ಲ, ಆಕೆಯ ಪರವಾದ ಸಾಕ್ಷಿಯನ್ನು ಅಳಿಸುವುದಕ್ಕಾಗಿ. ಒಂದೇ ಕೆಲಸ, ಅದೇ ಕೈ, ಅದೇ ಕತ್ತರಿ.

ಎಲ್ಲ ಕತ್ತರಿಸಿದೆ, ಒಂದರ ಹೊರತು. ಆ ಎರಡು ಹೆಚ್ಚಿನ ತೂತಿನ ಕಾರ್ಡು ಕೈಗೆ ಬಂದಾಗ ಕತ್ತರಿ ನಿಂತಿತು. ಯಾಕೆ ಎಂದು ಕೇಳಬೇಡಿ. ಒಳ್ಳೆಯತನ ಎಂದು ಹೇಳಿಕೊಳ್ಳಲು ನನಗೆ ಹಕ್ಕಿಲ್ಲ.

ಆಮೇಲೆ ಆ ಮನೆಯಲ್ಲಿ ಏನಾಯಿತು ಎನ್ನುವುದನ್ನು ಬೇರೆಯವರಿಂದ ಚೂರುಚೂರಾಗಿ ಕೇಳಿದೆ. ನೀಲಕಂಠಪ್ಪ ಹೆಂಡತಿಯನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಮಗ್ಗದ ಮೇಲಿನ ಜಕಾರ್ಡನ್ನು ಇಳಿಸಿ ಮೂಲೆಗಿಟ್ಟ. ಅಂದಿನಿಂದ ಸಾದಾ ಪಂಚೆ, ಟವಲ್ಲು, ಹೂವಿಲ್ಲ, ಬಳ್ಳಿಯಿಲ್ಲ. ಚೌಕಳಿ ಹಾಳೆ ತಂದುಕೊಡುವುದನ್ನು ನಿಲ್ಲಿಸಿದ. ಮೊದಲು ಓಣಿಯ ಬೇರೆ ಮನೆಯವರೂ ಕಷ್ಟದ ಚಿತ್ರ ಬಂದರೆ ಕಾರ್ಡಿಗೆ ತೂತು ಹೊಡೆಯಲು ಗೌರಕ್ಕನನ್ನೇ ಕರೆಯುತ್ತಿದ್ದರು. ಇನ್ನು ಯಾರು ಕರೆಯುತ್ತಾರೆ? ಕಾರ್ಡು ಮಾರಿದವಳು. ಆಕೆ ಕೌದಿ ಹೊಲಿಯತೊಡಗಿದಳು. ಹಳೆಯ ಸೀರೆಯ ಚೂರು, ನೇರ ಹೊಲಿಗೆ — ಚಿತ್ರ ಬರೆಯಬೇಕಾಗಿಲ್ಲ ಅದಕ್ಕೆ.

ತಾನೇ ಬರೆದ ಹತ್ತಿಕಾಯಿಯನ್ನು ಆಕೆ ಯಾಕೆ ಮಾರುತ್ತಾಳೆ ಎಂದು ಒಬ್ಬರಾದರೂ ಕೇಳಲಿಲ್ಲ. ಕೇಳುವುದು ಹೇಗೆ? ಬರೆದವಳು ಆಕೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರು, ಗಂಡ ಮತ್ತು ನಾನು. ಅವನಿಗೆ ನೋವು ಕಣ್ಣು ಕಟ್ಟಿತ್ತು. ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು.

ನಾನು ಬೆಳೆದೆ. ಮಿಲ್ಲಿನ ರದ್ದಿ ನನ್ನ ಕೈಗೆ ಬಂತು, ಒಂದರಿಂದ ಎರಡು ಮಿಲ್ಲು, ಸೈಕಲ್ಲು ಹೋಗಿ ಎತ್ತಿನ ಗಾಡಿ, ಗಾಡಿ ಹೋಗಿ ಲಾರಿ. ಈ ನಡುವೆ ಪ್ಲಾಸ್ಟಿಕ್ಕಿನ ಕಾಲ ಬಂತು. ಮಿಲ್ಲಿನವರು ಕೆಲಸಗಾರರಿಗೆ ಪ್ಲಾಸ್ಟಿಕ್ ಹೊದಿಸಿದ, ಫೋಟೋ ಇರುವ ಗುರುತಿನ ಕಾರ್ಡು ಕೊಡತೊಡಗಿದರು. ಹಳತಾದದ್ದು, ಬಿಟ್ಟುಹೋದವರದು, ಸತ್ತವರದು ಚೀಲಗಟ್ಟಲೆ ನನ್ನ ಅಂಗಡಿಗೆ ಬರತೊಡಗಿತು. ಒಂದನ್ನೂ ನಾನು ಇಡಿಯಾಗಿ ಹೊರಗೆ ಬಿಡಲಿಲ್ಲ. ಬಾಗಿಲಲ್ಲಿ ಕೂತು, ಎಲ್ಲರ ಎದುರು, ಒಂದೊಂದನ್ನೂ ಕತ್ತರಿಸಿದೆ. ನಿಮಗೂ ಹೇಳುತ್ತೇನೆ, ಇದು ನನ್ನ ಚಟ: ಕಾರ್ಡನ್ನು ನೇರ ಎರಡು ತುಂಡು ಮಾಡಿದರೆ ಸಾಲದು, ಅಂಟಿಸಿದರೆ ಕೂಡಿಕೊಳ್ಳುತ್ತದೆ. ಮೂಲೆಯಿಂದ ಮೂಲೆಗೆ, ಮುಖದ ಮೇಲೆ, ನಂಬರಿನ ಮೇಲೆ ಕತ್ತರಿಸಿ. ಅರ್ಧ ಇವತ್ತಿನ ಚೀಲಕ್ಕೆ, ಅರ್ಧ ನಾಳಿನ ಚೀಲಕ್ಕೆ. ಸುಡಬೇಡಿ, ಆ ಹೊಗೆ ಅನ್ನದ ಪಾತ್ರೆಯ ತನಕ ಬರುತ್ತದೆ. ಬಾವಿಗೆ ಎಸೆಯಬೇಡಿ, ಅದು ಕೊಳೆಯುವುದಿಲ್ಲ, ಕಾಯುತ್ತ ಕೂತಿರುತ್ತದೆ. ನಂಬಿಕೆಯವನ ಕೈಗೆ ಕೊಡಿ ಎನ್ನುವ ಕಡೆಯ ಮಾತನ್ನು ಮಾತ್ರ ನಾನು ಹೇಳುವುದಿಲ್ಲ.

"ಸಂಗಪ್ಪನ ಅಂಗಡ್ಯಾಗ ಹಾಕಿದ್ರ ನಿಶ್ಚಿಂತಿ," ಎಂದು ಮಿಲ್ಲಿನ ಮ್ಯಾನೇಜರು ನಾಲ್ಕು ಜನರ ಮುಂದೆ ಹೊಗಳಿದಾಗ ನನಗೆ ನೀರು ಕುಡಿಯಬೇಕು ಅನಿಸುತ್ತಿತ್ತು.

ನೀಲಕಂಠಪ್ಪ ಹೋದ ವರ್ಷ ತೀರಿಕೊಂಡ. ಮಣ್ಣು ಮಾಡುವಾಗ ನಾನು ಹೋಗಲಿಲ್ಲ. ಕಳೆದ ವಾರ, ಹನ್ನೊಂದು ಗಂಟೆಯ ಹೊತ್ತಿಗೆ, ಎಮ್ಮಿಗನೂರಿನ ಬಸ್ಸು ಇಳಿದು ಗೌರಕ್ಕ ನನ್ನ ಅಂಗಡಿಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಸ್ಟೂಲು ಕೊಟ್ಟೆ, ಕೂರಲಿಲ್ಲ. ಸೆರಗಿನ ಗಂಟಿನಿಂದ ಒಂದು ಕಾರ್ಡು ತೆಗೆದಳು. ಪ್ಲಾಸ್ಟಿಕ್ ಹೊದಿಸಿದ್ದು. ನೀಲಕಂಠಪ್ಪನಿಗೆ ಸರ್ಕಾರ ಕೊಟ್ಟ ನೇಕಾರರ ಗುರುತಿನ ಕಾರ್ಡು, ಅವನ ಫೋಟೋ, ಅವನ ನಂಬರು. ಫೋಟೋದಲ್ಲಿ ಅವನು ಹೆದರಿದವನ ಹಾಗಿದ್ದ.

"ಸತ್ತವರ ಕಾರ್ಡು ಇಡಿಯಾಗಿ ಇಟಗೋಬಾರದಂತ," ಅಂದಳು. "ಯಾರರೆ ಇವರ ಹೆಸರಿಲೆ ಏನರೆ ಮಾಡಿದ್ರ? ಮಾತು ಬಂದದ್ದು ಒಮ್ಮಿ ಸಾಕು ನಮ್ಮ ಮನಿಗೆ."

"ಕೊಡು ಅಕ್ಕಾ, ಇಟ್ಟು ಹೋಗು, ನಾ ಕತ್ತರಿಸಿ—"

"ಇಲ್ಲ ತಮ್ಮಾ. ಈ ಸಲ ನಾ ನಿಂತು ನೋಡತೀನಿ."

ಅಷ್ಟೇ ಅಂದಳು. ಸ್ವರ ಏರಿಸಲಿಲ್ಲ. ಸಂತೆಯಲ್ಲಿ ತೂಕ ನೋಡಿಕೊಳ್ಳುವ ಹೆಂಗಸಿನ ಹಾಗೆ ಅಂದಳು. ಆಗ ನನಗೆ ತಿಳಿಯಿತು — ಆಕೆಗೆ ಮೊದಲಿಂದಲೂ ಗೊತ್ತು. ಜಗಲಿಯ ಮೇಲೆ ನಾನು ಚಪ್ಪಲಿಗೆ ಬಗ್ಗಿದಾಗಲೇ ಗೊತ್ತು. ಮಾಲೆಯಲ್ಲಿ ಯಾವ ಕಾರ್ಡು ತಪ್ಪು ಎಂದು ಹುಡುಕಿ ಹಿಡಿಯುವುದು ಆಕೆಯ ಕಸುಬಲ್ಲವೇ. ಹದಿಮೂರು ವರ್ಷ ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರು ನಂಬುತ್ತಿದ್ದರು? ನಾನು ದೇವರ ಮುಂದೆ ಆಣೆ ಮಾಡಿದವನು.

ಕತ್ತರಿ ಹಿಡಿದೆ. ನೀಲಕಂಠಪ್ಪನ ಹಣೆಯಿಂದ ಗಲ್ಲದ ತನಕ ಒಮ್ಮೆ, ನಂಬರಿನ ಮೇಲೆ ಹಾಯಿಸಿ ಇನ್ನೊಮ್ಮೆ ಕತ್ತರಿಸಿದೆ, ಆಕೆ ಕಣ್ಣು ಮಿಟುಕಿಸದೆ ನೋಡುತ್ತ ನಿಂತಳು. ನಾಲ್ಕೂ ತುಂಡನ್ನು ನನ್ನ ಚೀಲಕ್ಕೆ ಹಾಕಲು ಬಿಡಲಿಲ್ಲ. ಅಂಗೈ ಚಾಚಿದಳು. ಸೆರಗಿನ ಗಂಟಿಗೆ ಕಟ್ಟಿಕೊಂಡು, "ನಾನ ಎಲ್ಲೆರೆ ಒಂದು ಕಡೆ ಹಾಕತೀನಿ," ಎಂದು ಬಸ್ಸಿನ ಕಡೆ ನಡೆದಳು. ಒಳಗೆ, ನನ್ನ ಪೆಟ್ಟಿಗೆಯಲ್ಲಿ, ಆ ಎರಡು ತೂತಿನ ಕಾರ್ಡು ಇತ್ತು. ಹತ್ತು ಹೆಜ್ಜೆ. ಕರೆದು ಕೊಡಬಹುದಿತ್ತು. ಆಗಲೂ ಕರೆಯಲಿಲ್ಲ.

ಅದಕ್ಕೇ ಇದನ್ನು ಬರೆದೆ. ಬರೆದರೆ ಬಾಯಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯುವುದಿಲ್ಲ. ಕ್ಷಮೆ ಕೇಳುವುದು ಕೂಡ ಒಂದು ಚೌಕಾಸಿಯೇ, ಇದನ್ನು ಕೊಡು ಅದನ್ನು ತಗೋ ಎಂದ ಹಾಗೆ. ಅದನ್ನು ನಾನು ಕೇಳುವುದಿಲ್ಲ. ನೀಲಕಂಠಪ್ಪ ಇದನ್ನು ಕೇಳಿಸಿಕೊಳ್ಳಲು ಇಲ್ಲ. ಅವನು ಹೆಂಡತಿಯ ಮೇಲಿನ ಸಂಶಯವನ್ನು ಹೊತ್ತುಕೊಂಡೇ ಹೋದ. ಅದನ್ನು ನಾನು ಯಾವ ತಕ್ಕಡಿಯಲ್ಲಿಟ್ಟರೂ ಸರಿದೂಗಿಸಲಾರೆ.

ಬರುವ ಸೋಮವಾರ ಎಮ್ಮಿಗನೂರಿಗೆ ಹೋಗುತ್ತೇನೆ. ಚನ್ನಬಸಪ್ಪ ಇನ್ನೂ ಇದ್ದಾನೆ. ಓಣಿಯವರನ್ನು ಅದೇ ಜಗಲಿಯ ಮೇಲೆ ಕೂಡಿಸು ಎಂದು ಹೇಳಿ ಕಳಿಸಿದ್ದೇನೆ, ವಿಷಯ ಏನೆಂದು ಹೇಳಿಲ್ಲ. ಎರಡನೆಯ ಗಂಟಿನ ಮಾತನ್ನು ನನ್ನ ಬಾಯಿಂದಲೇ ಆಡುತ್ತೇನೆ. ಹತ್ತಿಕಾಯಿ ಬರೆದ ಕೈ ಯಾರದು ಎನ್ನುವುದನ್ನೂ ಹೇಳುತ್ತೇನೆ. ಆಮೇಲೆ ಆ ಕಾರ್ಡನ್ನು ಗೌರಕ್ಕನ ಮುಂದೆ ಇಡುತ್ತೇನೆ, ಪಕ್ಕದಲ್ಲಿ ನನ್ನ ತಗಡಿನ ಕತ್ತರಿ. ನಾನು ಹೇಳಿದ ಹಾಗೆ ಅದು ಮೊಮ್ಮಕ್ಕಳ ಕಾಲದ ತನಕ ಇರುವಂಥದ್ದು, ಒಂದಿಷ್ಟೂ ಮಾಸಿಲ್ಲ. ಕತ್ತರಿಸುವುದೋ ಇಟ್ಟುಕೊಳ್ಳುವುದೋ ಆಕೆಗೆ ಬಿಟ್ಟದ್ದು.

ಅದರ ಬಗ್ಗೆ ನಾನು ಯಾವ ಸಲಹೆಯನ್ನೂ ಕೊಡುವುದಿಲ್ಲ. ನಿಂತು ನೋಡುತ್ತೇನೆ.